ಮೇಳದಿಂದ ಮರಳಿದ ಹುಂಜ

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗು ವಿರಳ. ಊರವರ ಮೇಲೆ ಮುನಿಸಿಕೊಂಡ ಆಕೆ ಹುಂಜವನ್ನು ಕಂಕುಳಲ್ಲಿರಿಸಿಕೊಂಡು, ಕೆಂಡದ ಕುಡಿಕೆಯನ್ನು ಕೈಯಲ್ಲಿ ಹಿಡಿದು ಊರು ಬಿಟ್ಟಳು. ಸೂರ್ಯ ಮಾತ್ರ ಎಂದಿನಂತೆ ಮೂಡಿದ. ಕಥೆ ಕೇಳಿದವರೆಲ್ಲ ಅಜ್ಜಿಯ ಮುಗ್ಧತೆಗೆ ನಗುತ್ತಾರೆ. ಆದರೆ ಕೋಳಿ ಸಾಕಿದ ಮನೆಯ ಹೆಣ್ಣುಮಕ್ಕಳು ಅಷ್ಟು ಸುಲಭವಾಗಿ ನಗಲಾರರು. ಹುಂಜ ಕೂಗದಿದ್ದರೂ ಜಗತ್ತಿಗೆ ಬೆಳಗಾಗುವುದು ನಿಜ. ಆದರೆ ಒಂದು ಮುಂಜಾನೆ ಗೂಡಿನ ಬಾಗಿಲು ತೆರೆದಾಗ ಕೂಗಿಲ್ಲದೆ, ರೆಕ್ಕೆಯ ಸದ್ದಿಲ್ಲದೆ ಒಳಗೆಲ್ಲ ಮೌನವೇ ತುಂಬಿದ್ದರೆ, ಆ ಮನೆಯ ಮಟ್ಟಿಗೆ ಆ ದಿನ ಕತ್ತಲೆಯೇ ಸರಿ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಈ ಮಾತಿನ ತೂಕ ಹೆಚ್ಚು. ಬಡಗಣದಲ್ಲಿ ಭೀಮೆ, ತೆಂಕಣದಲ್ಲಿ ಕೃಷ್ಣೆ ಹರಿದರೂ ನಡುವಿನ ಕಪ್ಪು ನೆಲದ ಬಹುಭಾಗ ಆಕಾಶದ ಕಡೆಗೇ ಮುಖ ಮಾಡಿರುವುದು. ಇಂಡಿಯ ಲಿಂಬೆಗೆ ದೂರದ ಪೇಟೆಗಳಲ್ಲಿ ಹೆಸರಿದೆ. ಜೋಳ, ತೊಗರಿಗಳು ಸೀಮೆಯ ಜೀವಾಳ. ಮಳೆ ಕೈಕೊಟ್ಟ ವರ್ಷ ಹೊಲದ ಲೆಕ್ಕವೆಲ್ಲ ಏರುಪೇರಾದಾಗಲೂ ಹಿತ್ತಲಿನ ಹತ್ತೆಂಟು ಜವಾರಿ ಕೋಳಿಗಳು ಮನೆಯೊಡತಿಯ ಸೆರಗಿನ ಗಂಟನ್ನು ಪೂರ್ತಿ ಬರಿದಾಗಲು ಬಿಡುವುದಿಲ್ಲ. ತತ್ತಿ ಮಾರಿದ ಹಣ ಯಾರ ಅನುಮತಿಯನ್ನೂ ಬೇಡದ ಹಣ. ಮಗಳ ಪುಸ್ತಕ, ಮಗನ ಬಸ್ಸಿನ ಚಾರ್ಜು, ಅನಿರೀಕ್ಷಿತವಾಗಿ ಬಂದ ಬೀಗರಿಗೆ ಒಂದು ಊಟ, ಇವೆಲ್ಲ ಅದರಿಂದಲೇ ಸಾಗುತ್ತವೆ.

ಈಚಿನ ವರ್ಷಗಳಲ್ಲಿ ಈ ಹಿತ್ತಲುಗಳಿಗೆ ಹೊಸ ಅತಿಥಿಗಳು ಬಂದಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ, ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡುಗಪ್ಪು ಕಡಕ್‌ನಾಥ, ನೀಳ ಕತ್ತಿನ ಗಂಭೀರ ಅಸೀಲ್, ಹೀಗೆ ನೋಡಿದವರು ನಿಂತು ನೋಡಬೇಕೆನಿಸುವ ತಳಿಗಳು ಅವು. ಇಂಥ ಹಕ್ಕಿಯನ್ನು ಸಾಕಿದವರಿಗೆ ಅದನ್ನು ನಾಲ್ಕು ಜನರಿಗೆ ತೋರಿಸುವ ಆಸೆ ಹುಟ್ಟುವುದು ಸಹಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವಿದೆ; ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆವರಣದಲ್ಲಿ 2020ರ ಫೆಬ್ರುವರಿಯಲ್ಲಿ ರಾಜ್ಯಮಟ್ಟದ ಪಶುಮೇಳವೇ ನಡೆಯಿತು. ಇವಲ್ಲದೆ ಊರೂರ ಜಾತ್ರೆಗಳೂ ಸಂತೆಗಳೂ ಇವೆ. ಹುಂಜದ ಜುಟ್ಟಿಗೆ ಎಣ್ಣೆ ಸವರಿ, ಕಾಲು ತೊಳೆದು, ಬುಟ್ಟಿಯಲ್ಲಿ ಕೂರಿಸಿ ಹೊರಡುವವರ ಮುಖದಲ್ಲಿ ಕಾಣುವ ಹಿಗ್ಗು ಮದುವೆಗೆ ಹೊರಟವರ ಹಿಗ್ಗಿಗೆ ಕಡಿಮೆಯಲ್ಲ.

ಹಕ್ಕಿ ಹೊರಡುವಾಗ ತೋರುವ ಈ ಎಚ್ಚರ, ಅದು ಮರಳುವಾಗಲೂ ಇದೆಯೇ?

ಆರನೆಯ ದಿನ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಪಟ್ಟಣದಂಚಿನ ಮನೆ, ಹಿಂದೆ ನಾಲ್ಕು ಲಿಂಬೆಯ ಗಿಡ, ಗಿಡದ ಬುಡದಲ್ಲಿ ಗೂಡು. ಗೂಡಿನಲ್ಲಿ ಅತ್ತೆಯ ಎಂಟು ಜವಾರಿ ಹೇಂಟೆಗಳು, ಎರಡು ಹೇಂಟೆಗಳ ಬೆನ್ನ ಹಿಂದೆ ಮರಿಗಳು, ಜೊತೆಗೆ ಮಗ ಅಕ್ಕರೆಯಿಂದ ತಂದ ಒಂದು ಅಂದದ ಹುಂಜ. ಹುಂಜಕ್ಕೆ ತಪ್ಪದೆ ಲಸಿಕೆ ಹಾಕಿಸಿದ್ದಾನೆ. ಹೇಂಟೆಗಳಿಗೆ ಹಾಕಿಸಿಲ್ಲ, ಅವು ಪ್ರದರ್ಶನಕ್ಕೆ ಹೋಗುವವಲ್ಲವಷ್ಟೆ! ಮೇಳಕ್ಕೆ ಹೋದ ಹುಂಜ ಎಲ್ಲರ ಮೆಚ್ಚುಗೆ ಗಳಿಸಿ, ಸಂಜೆಗೆ ಮನೆಗೆ ಮರಳಿ, ಅದೇ ಗೂಡಿನಲ್ಲಿ ಅದೇ ಕೋಲಿನ ಮೇಲೆ ಕುಳಿತು ನಿದ್ದೆ ಹೋಗುತ್ತದೆ. ಮರುದಿನವೂ ಕೂಗುತ್ತದೆ, ಮೂರನೆಯ ದಿನವೂ ಕೂಗುತ್ತದೆ. ಆರನೆಯ ದಿನ ಒಂದು ಹೇಂಟೆ ರೆಕ್ಕೆ ಜೋತುಬಿಟ್ಟು ಮೂಲೆ ಹಿಡಿಯುತ್ತದೆ. ಬಾಯ್ದೆರೆದು ಉಸಿರೆಳೆಯುತ್ತದೆ, ಹಿಕ್ಕೆ ಹಸಿರಾಗಿ ನೀರಾಗುತ್ತದೆ. ಮರುದಿನ ಇನ್ನೆರಡು. ಬದುಕಿ ಉಳಿದೊಂದು ಮರಿಯ ಕತ್ತು ಹೆಣೆದಂತೆ ತಿರುಚಿಕೊಂಡು ಅದು ಗಿರ್ರನೆ ಸುತ್ತತೊಡಗುತ್ತದೆ. ವಾರ ತುಂಬುವುದರೊಳಗೆ ಗೂಡು ಬರಿದು. ಹುಂಜವೊಂದು ಮಾತ್ರ ಆರೋಗ್ಯವಾಗಿ ಬೇಲಿಯ ಮೇಲೆ ನಿಂತು ಕೂಗುತ್ತಿದೆ.

ಆಗ ಮನೆಯವರು ಗಾಳಿಯನ್ನು ಬೈಯುತ್ತಾರೆ, ಬಿಸಿಲನ್ನು ಬೈಯುತ್ತಾರೆ, ನೆರೆಮನೆಯವರ ಕಣ್ಣು ತಾಗಿತೆನ್ನುತ್ತಾರೆ. ಬೇಲಿಯ ಮೇಲಿನ ಹುಂಜದ ಕಡೆಗೆ ಮಾತ್ರ ಯಾರ ಬೆರಳೂ ಚಾಚುವುದಿಲ್ಲ.

ಈ ಕಾಯಿಲೆಗೆ ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಹೆಸರು. ಭಾರತದ ಪಶುವೈದ್ಯರು ಇದನ್ನು ರಾಣಿಖೇತ್ ಎಂದು ಕರೆಯುತ್ತಾರೆ. 1926ರಲ್ಲಿ ದೂರದ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಕಾಣಿಸಿಕೊಂಡ ಈ ಮಾರಿ, ಮರುವರ್ಷವೇ ಹಿಮಾಲಯದ ಕುಮಾವೂಂ ಸೀಮೆಯ ರಾಣಿಖೇತ್‌ನಲ್ಲಿ ಗುರುತಿಸಲ್ಪಟ್ಟಿತು. ಆ ಸುಂದರವಾದ ಗಿರಿಧಾಮದ ಹೆಸರು ಅಂದಿನಿಂದ ಕೋಳಿ ಸಾಕುವವರ ಪಾಲಿಗೆ ಭಯದ ಹೆಸರಾಯಿತು. ಇದು ವೈರಾಣುವಿನ ಕಾಯಿಲೆ. ಒಮ್ಮೆ ಹಿಡಿದರೆ ಇದಕ್ಕೆ ಮದ್ದಿಲ್ಲ. ಲಸಿಕೆ ಕಾಣದ ಹಿಂಡನ್ನು ಹೊಕ್ಕರೆ ನೂರಕ್ಕೆ ತೊಂಬತ್ತನ್ನೂ ಒಯ್ಯಬಲ್ಲುದು. ಅಂಗಡಿಯಿಂದ ತಂದು ನೀರಿಗೆ ಬೆರೆಸುವ ಆಂಟಿಬಯೋಟಿಕ್ ಪುಡಿಗಳು ವೈರಾಣುವನ್ನು ಮುಟ್ಟಲಾರವು. ಹಣವೂ ಹೋಯಿತು, ಕೋಳಿಯೂ ಹೋಯಿತು ಎಂಬಂತಾಗುತ್ತದೆ.

ಹುಂಜ ಏಕೆ ಬೀಳಲಿಲ್ಲ?

ಇಲ್ಲಿಯೇ ಇಡೀ ವಿಷಯದ ಕೀಲಿ ಇರುವುದು. ಲಸಿಕೆ ಹಕ್ಕಿಯ ಮೈಗೆ ಕವಚ ತೊಡಿಸುತ್ತದೆ. ಆದರೆ ವೈರಾಣು ಮೈಯೊಳಗೆ ಕಾಲಿಡುವುದನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಲಸಿಕೆ ಪಡೆದ ಹಕ್ಕಿ ಮೇಳದ ಧೂಳಿನಲ್ಲಿ ರೋಗದ ಬೀಜವನ್ನು ಹೀರಿ, ತಾನು ಸೊರಗದೆಯೇ ಕೆಲವು ದಿನ ಉಸಿರಿನಲ್ಲಿಯೂ ಹಿಕ್ಕೆಯಲ್ಲಿಯೂ ಅದನ್ನು ಹೊರಚೆಲ್ಲಬಲ್ಲುದು. ಆರೋಗ್ಯವಾಗಿ ಕಾಣುವುದು ಬೇರೆ, ರೋಗವನ್ನು ಹೊತ್ತು ತಾರದಿರುವುದು ಬೇರೆ. ಹುಂಜವೊಂದಕ್ಕೇ ಲಸಿಕೆ ಹಾಕಿಸಿದ ಮನೆಯು ರಾಜನಿಗೆ ಮಾತ್ರ ಕವಚ ತೊಡಿಸಿ, ಸೈನ್ಯವನ್ನು ಬರಿಮೈಯಲ್ಲಿ ಕಳುಹಿಸಿದ ಹಾಗೆ.

ಆದ್ದರಿಂದ ಮೊದಲ ಪಾಠವಿದು: ಪ್ರದರ್ಶನದ ಹಕ್ಕಿಯನ್ನು ಕಾಪಾಡಬೇಕಾದರೆ ಪ್ರದರ್ಶನಕ್ಕೆ ಹೋಗದ ಹಕ್ಕಿಗಳಿಗೆ ಮೊದಲು ಲಸಿಕೆ ಹಾಕಿಸಬೇಕು.

ಲಸಿಕೆಯ ಕ್ರಮ ಕಠಿಣವಾದುದೇನಲ್ಲ. ಮರಿ ಹುಟ್ಟಿದ ಐದರಿಂದ ಏಳನೆಯ ದಿನದೊಳಗೆ ಎಫ್ ಅಥವಾ ಲಸೋಟ ಎಂಬ ಸೌಮ್ಯ ಲಸಿಕೆಯ ಒಂದೇ ಹನಿಯನ್ನು ಕಣ್ಣಿಗೋ ಮೂಗಿನ ಹೊಳ್ಳೆಗೋ ಬಿಡುತ್ತಾರೆ. ಸುಮಾರು ನಾಲ್ಕು ವಾರಕ್ಕೆ ಮತ್ತೊಮ್ಮೆ. ಎಂಟು ವಾರ ತುಂಬಿದ ಮೇಲೆ ಆರ್-ಟು-ಬಿ ಎಂಬ ಬಲವಾದ ಲಸಿಕೆಯನ್ನು ರೆಕ್ಕೆಯ ಬುಡದ ಚರ್ಮದಡಿ ಚುಚ್ಚುತ್ತಾರೆ. ಈ ಬಲವಾದ ಲಸಿಕೆಯ ಮೂಲ ಹಿಮಾಲಯದ ಮಡಿಲಿನ ಮುಕ್ತೇಶ್ವರ. ಅಲ್ಲಿಯ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ರೋಗದ ವೈರಾಣುವನ್ನೇ ಕೋಳಿಯ ತತ್ತಿಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ಇಳಿಸಿ ಸಿದ್ಧಪಡಿಸಿದರು. ಎಳೆಯ ಮರಿಗಳಿಗೆ ಈ ಲಸಿಕೆ ತಡೆಯದು. ಆದುದರಿಂದಲೇ ಎಂಟು ವಾರದ ಕಟ್ಟಳೆ. ಕರ್ನಾಟಕದಲ್ಲಿ 1925ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಎಂದು ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆ ಕೋಳಿಗಳ ಲಸಿಕೆಗಳನ್ನು ತಯಾರಿಸುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾವ ಲಸಿಕೆ, ಎಂದು, ಹೇಗೆ ಎಂಬುದೆಲ್ಲ ತಿಳಿಯುತ್ತದೆ.

ಆದರೆ ಲಸಿಕೆಗೂ ಒಂದು ಶತ್ರುವುಂಟು, ಅದು ಬಿಸಿಲು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಲಸಿಕೆಯ ಶೀಶೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ, ಊರು ತಲಪುವ ವೇಳೆಗೆ ಅದು ಬರಿಯ ನೀರಿಗೆ ಸಮ. ಅದು ಜೀವಂತ ವೈರಾಣುವಿನ ಲಸಿಕೆ. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಇರಬೇಕು. ಬರ್ಫ ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ತಂದು, ಮುಂಜಾವಿನ ತಂಪಿನಲ್ಲಿ ನೆರಳಿನಲ್ಲಿ ಕಲಸಿ, ಒಂದೆರಡು ತಾಸಿನೊಳಗೆ ಹಾಕಿ ಮುಗಿಸಬೇಕು. ಉಳಿದುದನ್ನು ನಾಳೆಗೆಂದು ಎತ್ತಿಡುವುದು ವ್ಯರ್ಥ.

ಇನ್ನೊಂದು ತೊಡಕೂ ಇದೆ. ಒಂದು ಶೀಶೆಯ ಲಸಿಕೆ ನೂರಾರು ಹಕ್ಕಿಗಳಿಗೆ ಸಾಲುವಷ್ಟಿರುತ್ತದೆ; ಮನೆಯಲ್ಲಿರುವುದು ಹತ್ತು. ಈ ತೊಡಕನ್ನೇ ವರವಾಗಿ ಮಾಡಿಕೊಳ್ಳಬಹುದು. ಓಣಿಯ ಮನೆಗಳೆಲ್ಲ ಒಂದು ದಿನ ಗೊತ್ತುಮಾಡಿ, ಹಿಂದಿನ ರಾತ್ರಿ ಕೋಳಿಗಳನ್ನು ಗೂಡಿನಲ್ಲಿಯೇ ತಡೆದಿಟ್ಟು, ಬೆಳಗ್ಗೆ ಒಟ್ಟಾಗಿ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ಓಣಿಗೆ ಓಣಿಯೇ ಕೋಟೆಯಾಗುತ್ತದೆ. ಬೇಲಿ ಹಾರುವ ಕೋಳಿಗೆ ನೆರೆಮನೆಯೂ ತನ್ನ ಮನೆಯೇ. ಒಂದು ಮನೆಯ ಲಸಿಕೆಯಿಂದ ಓಣಿ ಉಳಿಯದು. ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾಗಳ ಹಳ್ಳಿಗಳಲ್ಲಿ ಇದೇ ಉಪಾಯ ಫಲ ಕೊಟ್ಟಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಿದ್ಧಪಡಿಸಿದ ಐ-2 ಎಂಬ, ಶಾಖವನ್ನು ಹೆಚ್ಚು ತಾಳುವ ಲಸಿಕೆಯನ್ನು ಅಲ್ಲಿಯ ಹಳ್ಳಿಗರೇ ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಕೋಳಿಗಳ ಕಣ್ಣಿಗೆ ಹನಿ ಹನಿಯಾಗಿ ಬಿಡುತ್ತಾರೆ.

ಹೋಗುವ ಮುನ್ನ, ಬಂದ ಮೇಲೆ

ಮೇಳದ ಮುನ್ನಾದಿನ ಲಸಿಕೆ ಹಾಕಿಸುವುದು ತಡವಾದ ಮಾತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಅದು. ಮೈಯಲ್ಲಿ ಬಲ ಕೂಡಿಬರಲು ಎರಡು ಮೂರು ವಾರವಾದರೂ ಬೇಕು. ಅದಕ್ಕೂ ಒಂದು ವಾರ ಮುಂಚೆ ಹೊಟ್ಟೆಯ ಹುಳುವಿಗೆ ಔಷಧ ಕೊಡಿಸಿದರೆ ಲಸಿಕೆ ಚೆನ್ನಾಗಿ ಹತ್ತುತ್ತದೆ. ಸೊರಗಿದ ಹಕ್ಕಿಯನ್ನು ಮೇಳಕ್ಕೆ ಒಯ್ಯಬಾರದು. ಬಹುಮಾನದ ಆಸೆಗೆ ನೂರಾರು ಮನೆಗಳ ಕೋಳಿಗಳಿಗೆ ಕೇಡು ಬಗೆದಂತಾಗುತ್ತದೆ.

ಮೇಳದಲ್ಲಿ ಹಕ್ಕಿಗೆ ತನ್ನದೇ ಪಂಜರ, ತನ್ನದೇ ನೀರಿನ ಬಟ್ಟಲು, ಮನೆಯಿಂದ ತಂದ ಕಾಳು ಇರಲಿ. ಅಕ್ಕಪಕ್ಕದ ಹುಂಜಗಳನ್ನು ಎತ್ತಿ ತೂಗಿ ನೋಡಿದ ಕೈಯಿಂದಲೇ ತನ್ನ ಹುಂಜವನ್ನು ಮುಟ್ಟಬಾರದು. ನಡುವೆ ಸಾಬೂನಿನ ನೀರಿರಲಿ. ಅಂದದ ಹೇಂಟೆಯೊಂದು ಕಣ್ಣಿಗೆ ಬಿದ್ದು ಕೊಂಡುಕೊಂಡರೆ ಅದನ್ನು ಅದೇ ಪಂಜರಕ್ಕೆ ತುರುಕಬಾರದು. ಇನ್ನು ಹುಂಜಗಳನ್ನು ಕಾಳಗಕ್ಕೆ ಬಿಡುವುದಂತೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಗಾಯದ ಮೂಲಕ ರೋಗ ಹರಡುವ ಹೆದ್ದಾರಿಯೂ ಅದೇ.

ಮರಳಿ ಬಂದ ಮೇಲಿನ ಮೂರು ವಾರಗಳೇ ನಿಜವಾದ ಪರೀಕ್ಷೆ. ರೋಗದ ಬೀಜ ಮೈಹೊಕ್ಕ ಎರಡು ದಿನದಿಂದ ಹದಿನೈದು ದಿನದೊಳಗೆ ಸಾಮಾನ್ಯವಾಗಿ ಮೊಳೆಯುತ್ತದೆ; ಜಗತ್ತಿನ ಪಶುವೈದ್ಯರು ಎಚ್ಚರಿಕೆಗೆಂದು 21 ದಿನಗಳ ಗಡುವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಷ್ಟು ದಿನ ಹುಂಜವನ್ನು ಬೇರೆ ಗೂಡಿನಲ್ಲಿ, ಸಾಧ್ಯವಾದಷ್ಟು ದೂರದಲ್ಲಿ ಇಡಬೇಕು. ಮೊದಲು ಮನೆಯ ಕೋಳಿಗಳಿಗೆ ನೀರು, ನುಚ್ಚು ಕೊಟ್ಟು ಕೊನೆಯಲ್ಲಿ ಹುಂಜದ ಬಳಿಗೆ ಹೋಗಬೇಕು; ಹಿಮ್ಮುಖವಾಗಿ ಅಲ್ಲ. ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ಬಟ್ಟಲು. ಮೇಳಕ್ಕೆ ಹೋದ ಬುಟ್ಟಿಯನ್ನು ಮೊದಲು ಉಜ್ಜಿ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ, ಬಿಸಿಲಿಗೆ ಒಣಗಿಸಬೇಕು. ಹಿಕ್ಕೆ ಅಂಟಿದ ಬುಟ್ಟಿಯ ಮೇಲೆ ಎಷ್ಟು ಔಷಧ ಸುರಿದರೂ ಕೊಳೆಯ ಮರೆಯಲ್ಲಿ ವೈರಾಣು ಸುಖವಾಗಿಯೇ ಇರುತ್ತದೆ. ಲಸಿಕೆಗೆ ಶತ್ರುವಾದ ವಿಜಯಪುರದ ಬಿಸಿಲು ಇಲ್ಲಿ ಮಾತ್ರ ಮನೆಯವರ ಪರವಾಗಿ ದುಡಿಯುತ್ತದೆ.

ಇದನ್ನೆಲ್ಲ ಕೇಳಿ ಕಿರಿಯರಿಗೆ ನಗು ಬರಬಹುದು. ಹಿರಿಯರಿಗೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ಆ ಸೀಮೆಯ ಯಾವ ಅಜ್ಜಿಯಾದರೂ ಹೀಗೆನ್ನಬಹುದು: “ಊರಾಡಿ ಬಂದ ಮಂದಿಗೆ ಕಾಲಿಗೆ ನೀರು ಕೊಟ್ಟs ಒಳಗ ಕರೀತೀವಿ. ಈ ಹುಂಜಕ್ಕ ಮಾತ್ರ ಹಂಗs ಒಳಗ ಬಿಟ್ರ ಹ್ಯಾಂಗ, ತಮ್ಮಾ?” ಶಾಸ್ತ್ರಜ್ಞರು ದೊಡ್ಡ ಹೊತ್ತಗೆಗಳಲ್ಲಿ ಬರೆದುದರ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಗೋಡೆಯ ಬಿರುಕಿನ ಕಳ್ಳ

ಕೊಕ್ಕರೆ ರೋಗವೊಂದೇ ಶತ್ರುವಲ್ಲ. ಪ್ರದರ್ಶನದ ಹಕ್ಕಿಗೆ ಜುಟ್ಟು ಮತ್ತು ಗದ್ದದ ಜೋಲುಗಳೇ ಆಭರಣ. ಅವುಗಳ ಮೇಲೆಯೇ ಎರಗುವುದು ಕೋಳಿ ಸಿಡುಬು. ಕಪ್ಪನೆಯ ಹೊಪ್ಪಳೆಗಳೆದ್ದು ಮುಖದ ಅಂದವೆಲ್ಲ ಮಣ್ಣುಪಾಲಾಗುತ್ತದೆ. ಸೊಳ್ಳೆ ಇದರ ಮುಖ್ಯ ವಾಹನ. ಗೂಡಿನ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ರೆಕ್ಕೆಯ ತೆಳುಚರ್ಮಕ್ಕೆ ಸೂಜಿಯಿಂದ ಚುಚ್ಚಿ ಲಸಿಕೆ ಹಾಕುತ್ತಾರೆ. ವಾರದ ಅನಂತರ ಅಲ್ಲಿ ಸಣ್ಣ ಗಂಟು ಕಂಡರೆ ಲಸಿಕೆ ಹತ್ತಿತೆಂದು ತಿಳಿಯಬೇಕು.

ಇನ್ನೊಬ್ಬ ವೈರಿ ಕಣ್ಣಿಗೇ ಬೀಳದವನು: ಕೋಳಿ ಉಣ್ಣಿ. ಒಣಹವೆಯ ಬಿಸಿಲು ನಾಡುಗಳೇ ಇದಕ್ಕೆ ಪ್ರಿಯ. ಹಗಲೆಲ್ಲ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಕೂರುವ ಕೋಲಿನ ಸಂದಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ನೆತ್ತರು ಹೀರಿ, ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಹಕ್ಕಿಯ ಮೈಯನ್ನು ಹಗಲಿನಲ್ಲಿ ಎಷ್ಟು ಹುಡುಕಿದರೂ ಬೆಳೆದ ಉಣ್ಣಿ ಸಿಕ್ಕದು. ಜುಟ್ಟು ಮಾತ್ರ ದಿನೇ ದಿನೇ ಬಿಳಿಚಿಕೊಳ್ಳುತ್ತದೆ. ಆಹಾರವಿಲ್ಲದೆಯೂ ಬಹುಕಾಲ ಬದುಕಬಲ್ಲ ಈ ಉಣ್ಣಿ ನೆತ್ತರಿನ ಜೊತೆಗೆ ಜ್ವರವನ್ನೂ ಹಂಚುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಗೂಡನ್ನು ನೋಡಿದರೆ ಕಳ್ಳ ಸಿಕ್ಕುತ್ತಾನೆ. ಬಿರುಕುಗಳನ್ನು ಮೆತ್ತಿ, ಸುಣ್ಣ ಬಳಿದು, ಪಶುವೈದ್ಯರು ಹೇಳಿದ ಔಷಧವನ್ನು ಸಂದಿಗಳಿಗೆ ಸಿಂಪಡಿಸುವುದು ಇದಕ್ಕಿರುವ ದಾರಿ.

ಹಕ್ಕಿಜ್ವರದ ಪಾಠ

ಹಕ್ಕಿಜ್ವರದ ಮಾತೇ ಬೇರೆ. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡುದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಅದು ತಲೆದೋರಿದಾಗ, ಭೋಪಾಲದ ಪ್ರಯೋಗಾಲಯ ರೋಗವನ್ನು ಖಚಿತಪಡಿಸಿದ ಮೇಲೆ ಅಲ್ಲಿಯ ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಉತ್ತಮ ತಳಿಗಳನ್ನು ಪೋಷಿಸುವುದಕ್ಕೆಂದೇ ಇದ್ದ ನೆಲೆಗೂ ರೋಗದ ಮುಂದೆ ರಿಯಾಯಿತಿ ದೊರೆಯಲಿಲ್ಲ. 2020ರ ಮಾರ್ಚಿನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳು, 2025ರಲ್ಲಿ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು ಇದೇ ಕಷ್ಟವನ್ನು ಕಂಡವು. ರೋಗ ಸಿಕ್ಕಿದ ಜಾಗದಿಂದ ಒಂದು ಕಿಲೋಮೀಟರು ತ್ರಿಜ್ಯದೊಳಗಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಿಯಮ. ಹತ್ತು ಸಾವಿರ ರೂಪಾಯಿಯ ಹುಂಜವೂ ಅಲ್ಲಿ ಒಂದೇ, ನೂರು ರೂಪಾಯಿಯ ಮರಿಯೂ ಒಂದೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2002ರಲ್ಲಿ ಕೊಕ್ಕರೆ ರೋಗವು ಮೊದಲು ಕಾಣಿಸಿಕೊಂಡುದು ದೊಡ್ಡ ಫಾರ್ಮುಗಳಲ್ಲಿ ಅಲ್ಲ, ಮನೆಗಳ ಹಿತ್ತಲಿನಲ್ಲಿ ಸಾಕಿದ ಕಾಳಗದ ಹುಂಜಗಳಲ್ಲಿ. ಅಲ್ಲಿಂದ ಅದು ಫಾರ್ಮುಗಳಿಗೂ ನೆರೆಯ ರಾಜ್ಯಗಳಿಗೂ ದಾಟಿ, ಹತೋಟಿಗೆ ಬರುವ ವೇಳೆಗೆ ಮೂವತ್ತು ಲಕ್ಷಕ್ಕೂ ಮಿಕ್ಕಿದ ಹಕ್ಕಿಗಳನ್ನು ನಾಶಪಡಿಸಬೇಕಾಗಿತ್ತು. ಹಿತ್ತಲು ಚಿಕ್ಕದೆಂದು ಅದರ ಹೊಣೆ ಚಿಕ್ಕದಲ್ಲ.

ಆ ಹೊಣೆಯ ಅತ್ಯಂತ ಕಠಿಣ ಗಳಿಗೆ ಬರುವುದು ಮೊದಲ ಹೇಂಟೆ ಮೂಲೆ ಹಿಡಿದ ದಿನ. “ಇಂದೋ ನಾಳೆಯೋ ಎಲ್ಲವೂ ಸಾಯುವಂತಿವೆ, ಸಂತೆಗೆ ಒಯ್ದು ಬಂದಷ್ಟಕ್ಕೆ ಮಾರಿಬಿಡೋಣ” ಎಂಬ ಯೋಚನೆ ಬಡವರ ಮನೆಯಲ್ಲಿ ಹುಟ್ಟಿದರೆ ಅದನ್ನು ದುಷ್ಟತನವೆನ್ನಲಾಗದು, ಅದು ಸಂಕಟದ ಯೋಚನೆ. ಆದರೆ ಸಿಂದಗಿಯ ಸಂತೆಯಲ್ಲಿ ಮಾರಿದ ಕೋಳಿ ಮುದ್ದೇಬಿಹಾಳದ ಹಳ್ಳಿಯ ಗೂಡನ್ನು ಸೇರುತ್ತದೆ. ಅಲ್ಲಿಯೂ ತತ್ತಿಯ ಹಣವನ್ನು ಸೆರಗಿಗೆ ಕಟ್ಟಿಕೊಂಡ ಒಬ್ಬ ತಾಯಿ ಇದ್ದಾಳೆ. ರೋಗ ಊರಿಂದೂರಿಗೆ ತಾನಾಗಿ ನಡೆದುಹೋಗುವುದು ಕಡಿಮೆ. ಹೆಚ್ಚಾಗಿ ಅದನ್ನು ಬುಟ್ಟಿಯಲ್ಲಿ ಹೊತ್ತೊಯ್ಯುವವರು ಮನುಷ್ಯರೇ. ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಲವು ಕೋಳಿಗಳು ಒಮ್ಮೆಲೇ ಸತ್ತರೆ, ಬರಿಗೈಯಿಂದ ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಸೂಚಿತ ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ 2009ರ ಕೇಂದ್ರ ಕಾಯಿದೆಯೂ ಇದನ್ನು ಮಾಲೀಕರ ಕರ್ತವ್ಯವೆಂದೇ ವಿಧಿಸಿದೆ.

ಅಜ್ಜಿಯ ಹುಂಜದ ಕೂಗಿನಿಂದ ಊರಿಗೆ ಬೆಳಗಾಗುತ್ತಿರಲಿಲ್ಲ, ನಿಜ. ಆದರೆ ಅಜ್ಜಿ ಒಂದು ವಿಷಯವನ್ನು ಸರಿಯಾಗಿಯೇ ತಿಳಿದಿದ್ದಳು: ತನ್ನ ಹಿತ್ತಲಿನ ಹುಂಜಕ್ಕೂ ಇಡೀ ಊರಿನ ಒಳಿತಿಗೂ ಏನೋ ಒಂದು ನಂಟಿದೆ. ಮೇಳದಿಂದ ಮರಳಿದ ಹುಂಜವನ್ನು ಮೂರು ವಾರ ಬೇರೆ ಇಟ್ಟು, ಇಪ್ಪತ್ತೆರಡನೆಯ ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ, ಅದು ಹೇಂಟೆಗಳ ನಡುವೆ ಬಂದು ನಿಂತು ಕೂಗಿದರೆ, ಆ ಮನೆಯ ಜೊತೆಗೆ ಆ ಓಣಿಗೂ ಬೆಳಗಾಯಿತೆಂದೇ ತಿಳಿಯಬೇಕು.